ಮೊಲಗಳ ಏಕಾದಶಿ

ನಮ್ಮತ್ತೆ ಮೊಲಗಳಿಂದ ಏಕಾದಶಿ ಮಾಡಿಸುತ್ತಿದ್ದರು. ಹೀಗೆಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಮುದುಕಿಗೆ ತಲೆ ಸರಿಯಿರಲಿಲ್ಲವೇನೋ ಎಂದು ನನ್ನ ಮುಖ ನೋಡುತ್ತಾರೆ. ಅವರ ತಲೆ ನನ್ನದಕ್ಕಿಂತ ನೆಟ್ಟಗಿತ್ತು. ನಾನೇನು ಸುಮ್ಮನೆ ಹೊಗಳುವ ಸೊಸೆಯಲ್ಲ. ಒಲೆಯ ಮುಂದೆ, ಬಾವಿಕಟ್ಟೆಯಿಲ್ಲದ ಊರಾದ್ದರಿಂದ ನಲ್ಲಿಯ ಮುಂದೆ, ಅವರ ಜೊತೆ ಸಾಕಷ್ಟು ಕಿತ್ತಾಡಿದವಳು. ಆದರೆ ಆ ಒಂದು ಚಳಿಗಾಲ, ಒಂದು ಬೇಸಿಗೆ ಅವರನ್ನು ನೋಡಿ ಬೆರಗಾದದ್ದು ಮಾತ್ರ ಇವತ್ತಿಗೂ ಹಾಗೇ ಇದೆ.

ಐವತ್ತರ ದಶಕದ ಮಾತು. ಧಾರವಾಡದ ಕಡೆಯಿಂದ ಮದುವೆಯಾಗಿ ನಾಗಪುರಕ್ಕೆ ಬಂದೆ. ನಮ್ಮ ಯಜಮಾನರು ರೈಲ್ವೆ ಕಚೇರಿಯಲ್ಲಿ ಗುಮಾಸ್ತರು. ಕಾಲನಿಯಲ್ಲಿ ಎರಡು ಕೋಣೆಯ ಕ್ವಾರ್ಟರ್ಸು, ಹಿಂದೆ ಅಂಗಳ, ಅಂಗಳದಲ್ಲಿ ಒಂದು ನಲ್ಲಿ, ತುಳಸಿ, ಮೂಲೆಯಲ್ಲಿ ಚೊಗಚಿ ಗಿಡ. ಮೈಸೂರಿನವರು ಅಗಸೆ ಸೊಪ್ಪು ಎನ್ನುವುದನ್ನೇ ನಮ್ಮ ಕಡೆ ಚೊಗಚಿ ಎನ್ನುತ್ತಾರೆ. ಏಕಾದಶಿ ಉಪವಾಸ ಮಾಡಿದವರು ಮರುದಿನ ದ್ವಾದಶಿಯ ಪಾರಣೆಗೆ ಅದರ ಪಲ್ಯ ಉಣ್ಣಬೇಕು. ಈ ಪರವೂರಿನಲ್ಲಿ ಅದನ್ನು ಯಾರ ಮನೆಯಲ್ಲಿ ಹುಡುಕುತ್ತ ಹೋಗುವುದು ಎಂದು, ಮಗನಿಗೆ ಕ್ವಾರ್ಟರ್ಸು ಸಿಕ್ಕ ಮೊದಲ ಮಳೆಗಾಲದಲ್ಲೇ ಅತ್ತೆ ಬೀಜ ಊರಿದ್ದರು.

ಅತ್ತೆ ಕೆಂಪು ಸೀರೆಯ ಮಡಿ ಹೆಂಗಸು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಅವರಿವರ ಮನೆಯಲ್ಲಿ ಅಡುಗೆ ಮಾಡಿ ಇದ್ದೊಬ್ಬ ಮಗನನ್ನು ಓದಿಸಿದವರು. ದಿನಕ್ಕೊಂದೇ ಊಟ. ಏಕಾದಶಿಗೆ ಅನ್ನ, ರೊಟ್ಟಿ, ಹಣ್ಣು ಹೋಗಲಿ, ಒಂದು ಹನಿ ನೀರೂ ಇಲ್ಲ. ನಾಗಪುರದ ಮೇ ತಿಂಗಳಲ್ಲಿ, ಕಾಗೆ ಕೂಡ ನಲ್ಲಿಯ ಕೆಳಗೆ ಬಾಯಿ ತೆರೆದು ಕೂತಿರುವ ಹೊತ್ತಿನಲ್ಲಿ, ಈಕೆ ಒಣ ನಾಲಿಗೆಯಲ್ಲಿ ಹಾಡು ಗುನುಗುತ್ತ ಹೂಬತ್ತಿ ಹೊಸೆಯುವುದನ್ನು ನೋಡಿದರೆ ನನಗೇ ಗಂಟಲು ಒಣಗುತ್ತಿತ್ತು. ನಾನು ಏಕಾದಶಿಗೆ ಹಾಲು ಹಣ್ಣು ತೆಗೆದುಕೊಳ್ಳುತ್ತಿದ್ದೆ. ಅದಕ್ಕೆ ಅವರು ಏನೂ ಅನ್ನುತ್ತಿರಲಿಲ್ಲ, ನೋಡಿಯೂ ನೋಡದ ಹಾಗೆ ಇರುತ್ತಿದ್ದರು, ಅದೇ ನನಗೆ ಸಿಟ್ಟು ಬರಿಸುತ್ತಿತ್ತು.

ಮೊಲಗಳು ಬಂದದ್ದು ಪಕ್ಕದ ಮನೆಯಿಂದ. ಅಲ್ಲಿ ಆಂಗ್ಲೋ-ಇಂಡಿಯನ್ ಇಂಜಿನ್ ಡ್ರೈವರ್ ಒಬ್ಬನಿದ್ದ. ಅವನ ಹೆಂಡತಿಯನ್ನು ಕಾಲನಿಯವರೆಲ್ಲ ಮೇಮ್ ಎನ್ನುತ್ತಿದ್ದರು. ಅವಳು ಮರದ ಗೂಡಿನಲ್ಲಿ ಐದು ಬಿಳಿ ಮೊಲ ಸಾಕಿದ್ದಳು, ತಿನ್ನುವುದಕ್ಕಲ್ಲ, ಮಕ್ಕಳು ದೂರ ಹೋದಮೇಲೆ ಮನೆ ಬಿಕೋ ಎನ್ನುತ್ತದೆಂದು. ಅತ್ತೆ ತರಕಾರಿ ಹೆಚ್ಚಿದ ಮೇಲೆ ಮೂಲಂಗಿ ಸೊಪ್ಪನ್ನೋ ಹೂಕೋಸಿನ ಎಲೆಯನ್ನೋ ಗೋಡೆಯಾಚೆ ಎಸೆಯುವರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರದು. ಒಬ್ಬಳ ಮನೆಯಲ್ಲಿ ಮಾಂಸ ಬೇಯುತ್ತಿತ್ತು, ಇನ್ನೊಬ್ಬಳಿಗೆ ಈರುಳ್ಳಿ ಕೂಡ ಆಗದು. ಆದರೂ ಗೋಡೆಯ ಮೇಲೆ ಎರಡು ತಲೆ ಕಂಡವೆಂದರೆ ನಗು ಕೇಳಿಸುತ್ತಿತ್ತು.

ಒಂದು ದೀಪಾವಳಿಯಾದ ಮೇಲೆ ಆ ಗಂಡ ಹೆಂಡತಿ ಮಗನಿದ್ದ ದೇಶಕ್ಕೆ ಹೊರಟರು. ಮೇಮ್ ಅಳುತ್ತ ಬಂದಳು. ಮೊಲಗಳನ್ನು ಯಾರಿಗೆ ಕೊಟ್ಟರೂ ಕೊಯ್ದು ತಿನ್ನುತ್ತಾರೆ, ನಿಮ್ಮ ಮನೆಯಲ್ಲಾದರೆ ಬದುಕುತ್ತವೆ ಎಂದು ಹಿಂದಿಯಲ್ಲಿ ಹೇಳಿದಳು. ನಾನು ಅದನ್ನು ಕನ್ನಡಕ್ಕೆ ತಂದು, ಜೊತೆಗೆ, ನಮಗೇಕೆ ಬೇಕು ಈ ಉಸಾಬರಿ ಎಂದೂ ಸೇರಿಸಿದೆ. ಅತ್ತೆ ನನ್ನ ಸೇರ್ಪಡೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಆಕಿಗೆ ಹೇಳು," ಅಂದರು, "ನಾ ಇರೋತನಕ ಇವು ಯಾರ ಗಂಗಾಳಕ್ಕೂ ಹೋಗಂಗಿಲ್ಲ ಅಂತ."

ಹೀಗೆ ಮಾತು ಕೊಟ್ಟದ್ದಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಾದೆ ನಮ್ಮತ್ತೆಯಂಥವರನ್ನು ನೋಡಿಯೇ ಹುಟ್ಟಿರಬೇಕು. ಗೂಡು ನಮ್ಮ ಅಂಗಳಕ್ಕೆ ಬಂತು. ಮಡಿಯವರು ಮೊಲ ಮುಟ್ಟಬಹುದೇ ಎಂದು ನಾನು ಕಾಲು ಕೆದರಿ ಕೇಳಿದೆ. ಮುಟ್ಟಿದಾಗಲೆಲ್ಲ ಸ್ನಾನ ಮಾಡಿದರೆ ನಲ್ಲಿ ನೀರು ಸಾಲದೆಂದು ನನ್ನ ಲೆಕ್ಕ. ಅತ್ತೆ ಒಂದು ಮೊಲವನ್ನು ಮಡಿಲಲ್ಲಿಟ್ಟುಕೊಂಡು ಅದರ ಬೆನ್ನು ಸವರುತ್ತ, "ಇದು ಉಣ್ಣಿ. ಉಣ್ಣಿಗೆ ಮೈಲಿಗಿ ಇಲ್ಲ," ಅಂದುಬಿಟ್ಟರು. ಶಾಸ್ತ್ರದಲ್ಲಿ ಕುರಿಯ ಉಣ್ಣೆಯಿದೆ, ಮೊಲದ್ದಿಲ್ಲ ಎಂದರೆ, ಮೊಲದ್ದು ಬೇಡ ಎಂದೂ ಇಲ್ಲವಲ್ಲ ಎಂದರು.

ಉಣಿಸುವುದರಲ್ಲಿ ಅವರ ಕೈ ದೊಡ್ಡದು. ಮೇಮ್ ಸ್ವಲ್ಪ ಕಡಲೆ, ಸ್ವಲ್ಪ ಬ್ರೆಡ್ಡು, ಉಳಿದಂತೆ ಟಾಂಗಾದ ಕುದುರೆಗಳಿಗೆ ಹಾಕುವ ಹಸಿ ಕುದುರೆಮೆಂತೆ ಹಾಕುತ್ತಿದ್ದಳಂತೆ. ಅತ್ತೆಗೆ ಅದು ಬಡತನದ ಊಟ ಅನಿಸಿತು. ನೆನೆಸಿದ ಕಡಲೆ ಬೊಗಸೆ ತುಂಬ, ಜೋಳದ ರೊಟ್ಟಿಯ ಚೂರು, ಹಬ್ಬವಿದ್ದರೆ ಹೋಳಿಗೆಗೆ ಬೇಯಿಸಿದ ಬೇಳೆಯಲ್ಲೂ ಪಾಲು. ಮೊಲಗಳು ಮೂಗು ಅಲುಗಿಸುತ್ತ ತಿನ್ನುವುದನ್ನು ನೋಡಿ ಇವರಿಗೆ ಹೊಟ್ಟೆ ತುಂಬುತ್ತಿತ್ತು. ನಮ್ಮ ಜನಕ್ಕೆ ಪ್ರೀತಿ ತೋರಿಸಲು ಬೇರೆ ದಾರಿಯೇ ಗೊತ್ತಿಲ್ಲ, ಬಡಿಸುವುದೊಂದೇ.

ಸಂಕ್ರಾಂತಿಯ ಹೊತ್ತಿಗೆ ಮೊಲಗಳ ಹೊಟ್ಟೆ ಕೆಟ್ಟಿತು. ಗೂಡಿನ ತಳವೆಲ್ಲ ಅಂಟು ಅಂಟು, ನಾತ. ಒಂದು ಮೊಲ ಹೊಟ್ಟೆ ಉಬ್ಬರಿಸಿಕೊಂಡು ಮೂಲೆ ಹಿಡಿದು ಕೂತಿತು, ಮರುದಿನ ಸತ್ತಿತು. ಆಮೇಲೆ ಇನ್ನೊಂದು. ಅತ್ತೆ ಓಮಿನ ನೀರು ಕುಡಿಸಿದರು, ಇಂಗು ಹಚ್ಚಿದರು, ಮಕ್ಕಳಿಗೆ ಮಾಡುವುದನ್ನೆಲ್ಲ ಮಾಡಿದರು. ಎರಡನೆಯದು ಸತ್ತ ದಿನ ಅವರು ತಮ್ಮ ಒಂದು ಊಟವನ್ನೂ ಬಿಟ್ಟರು.

ನಮ್ಮ ಯಜಮಾನರು ಮೆತ್ತನೆಯ ಮನುಷ್ಯ. ಸಾವು ನೋಡಲಾರದವರು. ಮೆತ್ತನೆಯವರ ಸಿಟ್ಟು ಬೇರೆ ಬಗೆಯದು, ತಣ್ಣಗೆ ಬಂದು ಕೂತುಬಿಡುತ್ತದೆ.

"ಅವ್ವಾ, ಮನ್ಯಾಗ ಹಿಂಗ ಜೀವ ಹೋಗೋದು ನೋಡಲಿಕ್ಕೆ ನನಗ ಆಗಂಗಿಲ್ಲ," ಅಂದರು. "ಇನ್ನೊಂದು ಹೋತು ಅಂದ್ರ ಉಳಿದವನ್ನ ಕೊಟ್ಟುಬಿಡ್ತೀನಿ. ರನ್ನಿಂಗ್ ರೂಮಿನ ಅಡಗಿಯಾಂವ ಕೇಳ್ಯಾನ."

ರನ್ನಿಂಗ್ ರೂಮೆಂದರೆ ಬೇರೆ ಊರಿಂದ ಗಾಡಿ ತಂದ ಡ್ರೈವರುಗಳು ಉಂಡು ಮಲಗುವ ಜಾಗ. ಅಲ್ಲಿಯ ಅಡುಗೆಯವನು ಮೊಲಗಳನ್ನು ಯಾಕೆ ಕೇಳಿದ್ದಾನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅತ್ತೆ, "ಮಳಿ ಬರೋತನಕ ತಡಿ, ಅಷ್ಟರಾಗ ಇವನ್ನ ನೆಟ್ಟಗ ಮಾಡ್ತೀನಿ," ಎಂದರು. ಮಗ ಹೂಂ ಅಂದರು. ಆದರೆ ಇನ್ನೊಂದು ಸತ್ತರೆ ಮಳೆಗೂ ಕಾಯುವುದಿಲ್ಲ ಎನ್ನುವುದು ಮೂವರಿಗೂ ತಿಳಿದಿತ್ತು. ಉಳಿದದ್ದು ಎರಡು ಹೆಣ್ಣು, ಒಂದು ಗಂಡು.

ಅದಾದ ಮೇಲೆ ಏಕಾದಶಿ ಬಂತು. ಬೆಳಿಗ್ಗೆ ನಾನು ಎಂದಿನಂತೆ ಕಡಲೆಯ ಬಟ್ಟಲು ಹಿಡಿದು ಗೂಡಿನ ಹತ್ತಿರ ಹೋದೆ. ಅತ್ತೆ ಕೈ ಅಡ್ಡ ಹಿಡಿದರು.

"ಇವತ್ತ ಏಕಾದಶಿ. ಮನ್ಯಾಗ ಇದ್ದವರಿಗೆ ಧಾನ್ಯ ಇಲ್ಲ."

"ಅತ್ಯಾ, ಅವು ಮೊಲ."

"ಮೊಲ ಆದ್ರೇನು, ನಮ್ಮನೀವು ಅಲ್ಲೇನು?"

ಇಷ್ಟು ದಿನ ಏಕಾದಶಿಗೆ ಹಾಕಿದ್ದೆವಲ್ಲ ಎಂದೆ. ಅದೇ ತಪ್ಪಾದದ್ದು, ಅದಕ್ಕೇ ಈ ಶಿಕ್ಷೆ ಎಂದರು. ಎರಡು ಜೀವ ಹೋದದ್ದು ತಮ್ಮ ಕೈಯಿಂದ ವ್ರತಭಂಗವಾದದ್ದಕ್ಕೆ ಎಂದು ಅವರು ಪೂರ್ತಿ ನಂಬಿದ್ದರು. ನೀರು ಮಾತ್ರ ಇಡಲು ಹೇಳಿದರು, ಮೂಕಪ್ರಾಣಿಯ ನೀರು ಬಿಡಿಸುವ ಹಕ್ಕು ನಮಗಿಲ್ಲವೆಂದು. ನಾನು ಬಟ್ಟಲನ್ನು ಕುಕ್ಕಿ ಒಳಗೆ ಹೋದೆ. ಇವತ್ತು ಮೂರೂ ಸಾಯುತ್ತವೆ, ನಾಳೆ ಗೂಡು ಖಾಲಿಯಾಗುತ್ತದೆ ಎಂದುಕೊಂಡೆ.

ಮೊಲಗಳು ಮಧ್ಯಾಹ್ನದವರೆಗೆ ಕಡಲೆಗಾಗಿ ಕಾದವು. ಆಮೇಲೆ ಹಸಿವು ತಾಳದೆ ಹಾಸಿಗೆಯನ್ನೇ ತಿನ್ನತೊಡಗಿದವು. ಹಾಸಿಗೆಯೆಂದರೆ ಹಿಂಗಣಾ ಕಡೆಯಿಂದ ಬರುವ ಹಾಲಿನವನು ತಂದುಕೊಟ್ಟ ಒಣ ಶೇಂಗಾ ಬಳ್ಳಿ. ಕಡಲೆ ಇದ್ದಷ್ಟು ದಿನ ಅದನ್ನು ಮೂಸಿಯೂ ನೋಡಿರಲಿಲ್ಲ. ಇಡೀ ದಿನ ಕರಕರ ಎಂದು ಅಗಿಯುವ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು.

ದ್ವಾದಶಿಯ ಬೆಳಿಗ್ಗೆ ಅತ್ತೆ ನನ್ನನ್ನು ಕೂಗಿದರು. ಅಂಗೈಯ ಮೇಲೊಂದು ಎಲೆ, ಎಲೆಯ ಮೇಲೆ ಮೊಲದ ಹಿಕ್ಕೆ. ಒಣಗಿ, ದುಂಡಗೆ, ಬಿಡಿ ಬಿಡಿ.

"ನೋಡು ನೋಡು, ತುಳಸೀಮಣಿ ಹಂಗ ಆಗ್ಯಾವ," ಅಂದವರೇ, ಬಾಯಿಂದ ಎಂಥ ಮಾತು ಬಂತೆಂದು ಅರಿವಾಗಿ "ಕೃಷ್ಣ ಕೃಷ್ಣ" ಎಂದು ಕೆನ್ನೆಗೆ ಹೊಡೆದುಕೊಂಡರು.

ನಾನಾಗಿದ್ದರೆ ಅಲ್ಲಿಗೆ ದೇವರಿಗೆ ಕೈಮುಗಿದು, ಮರುದಿನದಿಂದ ಮತ್ತೆ ಕಡಲೆ ಸುರಿಯುತ್ತಿದ್ದೆ. ಅತ್ತೆ ಕೈಯನ್ನೂ ಮುಗಿದರು, ಕಣ್ಣನ್ನೂ ತೆರೆದೇ ಇಟ್ಟರು. ಎರಡು ದಿನ ಸ್ವಲ್ಪವೇ ಸ್ವಲ್ಪ ಕಡಲೆ ಹಾಕಿ ನೋಡಿದರು, ಹಿಕ್ಕೆ ಮೆತ್ತಗಾಯಿತು. ನಿಲ್ಲಿಸಿದರು, ಗಟ್ಟಿಯಾಯಿತು. ಮುಂದಿನ ಏಕಾದಶಿಗೂ ಅದೇ. ಆಗ ಅವರು ಗೂಡಿನ ಮುಂದೆ ಕೂತು, ತಮ್ಮಷ್ಟಕ್ಕೇ ಎಂಬಂತೆ ಹೇಳಿದ್ದು ನನಗೆ ನೆನಪಿದೆ: "ಒಂದ ಸಲ ಆದ್ರ ಅಂವನ ಕೃಪಾ. ಎರಡ ಸಲ ಆತಂದ್ರ ಅದಕ್ಕೊಂದು ಕಾರಣ ಇರತದ. ಇವಕ್ಕ ನಾನ ಉಣಿಸಿ ಉಣಿಸಿ ಕೊಂದೆ." ವ್ರತದ ಮಾತು ಅವರು ಹಿಂತೆಗೆದುಕೊಳ್ಳಲಿಲ್ಲ. ಅದರ ಪಕ್ಕದಲ್ಲೇ ಈ ಮಾತನ್ನೂ ಇಟ್ಟುಕೊಂಡರು.

ಕಡಲೆ ನಿಂತಿತು. ಆದರೆ ಬರೀ ಒಣ ಬಳ್ಳಿಯಲ್ಲಿ ಮೊಲಗಳು ಬೆನ್ನುಮೂಳೆ ಕಾಣುವಷ್ಟು ಸೊರಗಿದವು. ಕುದುರೆಮೆಂತೆ ಚಳಿಗಾಲ ಮುಗಿದಂತೆ ಟಾಂಗಾದವರಿಗೇ ಸಾಲದಾಯಿತು. ಈಗ ಅತ್ತೆಯ ನಿಜವಾದ ಕೆಲಸ ಶುರುವಾಯಿತು. ಕಾಲನಿಯಲ್ಲಿ, ಬಜಾರಿನಲ್ಲಿ ಸಿಕ್ಕ ಎಲೆಯನ್ನೆಲ್ಲ ತಂದು, ಮೊದಲು ತಾವೇ ತುದಿ ಅಗಿದು ಉಗುಳಿ, ಆಮೇಲೆ ಒಂದೇ ಮೊಲಕ್ಕೆ ಒಂದು ಚೂರು ಕೊಟ್ಟು, ಒಂದು ದಿನ ಕಾಯುವುದು. ಊಟದ ಎಲೆ ಹಚ್ಚುವ ಮುತ್ತಲ ಎಲೆಯನ್ನು ಮೊಲಗಳು ಹರಿದು ಹಾಕಿದವು, ತಿನ್ನಲಿಲ್ಲ. ಬೇವನ್ನು ಗಂಡು ಮೊಲ ಮಾತ್ರ ತಿಂದಿತು, ಅದೂ ಯುಗಾದಿಯ ದಿನ. ಅದನ್ನು ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದರು. ಬಾರೀ ಗಿಡದ, ಅಂದರೆ ಎಲಚಿಯ, ಎಲೆಗೆ ಮುಗಿಬಿದ್ದವು. ಸಂತ್ರಾ ಎಂದರೆ ಕಿತ್ತಳೆ, ಅದರ ಕಾಲವಾದ್ದರಿಂದ ಸಿಪ್ಪೆಗೆ ಬರವಿರಲಿಲ್ಲ. ಹಸಿಯದನ್ನು ಮೂಸಿ ಹಿಂದೆ ಸರಿದವು, ಮಾಳಿಗೆಯ ಮೇಲೆ ಒಣಗಿಸಿ ಚೂರು ಮಾಡಿದ್ದನ್ನು ತಿಂದವು. ನಾನು ಗೊಜ್ಜಿಗೆಂದು ಎತ್ತಿಟ್ಟ ಸಿಪ್ಪೆಯೂ ಗೂಡಿಗೆ ಹೋಯಿತು, ಆ ಜಗಳ ಇಲ್ಲಿ ಬೇಡ.

ಇತವಾರಿ ಪೇಟೆಯ ಬೇಳೆ ಗಿರಣಿಯಿಂದ ಎಮ್ಮೆಗಳಿಗೆ ಕೊಡುವ ತೊಗರಿ ಹೊಟ್ಟನ್ನು ಹಾಲಿನವನ ಕೈಯಲ್ಲಿ ತರಿಸಿದರು. ಅದಕ್ಕೂ ಶಾಸ್ತ್ರ ಅಡ್ಡ ಬಂತು: ಹೊಟ್ಟು ಧಾನ್ಯವೋ, ಅಲ್ಲವೋ? ಬಹಳ ಯೋಚಿಸಿ, ಕಾಳು ಒಳಗಿದ್ದಾಗ ಅಂಟಿಕೊಂಡೇ ಇತ್ತಲ್ಲ ಎಂದು ಅದನ್ನು ಧಾನ್ಯಕ್ಕೆ ಸೇರಿಸಿ, ಏಕಾದಶಿಗೆ ಬಿಟ್ಟು ಉಳಿದ ದಿನ ಒಂದು ಹಿಡಿ ಎಂದು ತೀರ್ಪು ಕೊಟ್ಟರು.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅಂಗಳದ ಚೊಗಚಿ. ಪಾರಣೆಗೆ ಸೊಪ್ಪು ಬಿಡಿಸುವಾಗ ಬಲಿತ ಎಲೆಯನ್ನೂ ಕಡ್ಡಿಯನ್ನೂ ಗೂಡಿಗೆ ಹಾಕಿದರು. ಮೊಲಗಳು ಕಡ್ಡಿಯನ್ನೂ ಬಿಡಲಿಲ್ಲ. ಯಜಮಾನರ ಪರಿಚಯದ ದನದ ಡಾಕ್ಟರೊಬ್ಬರು ಮನೆಗೆ ಬಂದಾಗ ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು, ಬಾಗಿಲ ಹಿಂದೆ ನಿಂತು, ನನ್ನ ಮೂಲಕ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಆತ ಸಾವಧಾನದ ಮನುಷ್ಯ. ನಾರು ಇರುವ ಒಣ ಮೇವೇ ಮೊಲಕ್ಕೆ ಮುಖ್ಯ, ನಿಮ್ಮ ದಾರಿ ಸರಿ ಇದೆ, ಆದರೆ ಚೊಗಚಿಯನ್ನು ಕೊಯ್ದ ಕೂಡಲೇ ಹಾಕಬೇಡಿ, ಅರ್ಧ ದಿನ ನೆರಳಲ್ಲಿ ಬಾಡಿಸಿ, ಒಣ ಬಳ್ಳಿಯ ಜೊತೆ ಕೊಡಿ ಎಂದರು. ಅತ್ತೆ ಅದನ್ನು ಗುರುಗಳ ಮಾತಿನಂತೆ ಪಾಲಿಸಿದರು. ಅಂಗಳದ ಹಗ್ಗದ ಮೇಲೆ ನನ್ನ ಸೀರೆ, ಯಜಮಾನರ ಧೋತರದ ಪಕ್ಕ ಚೊಗಚಿ ಟೊಂಗೆಗಳು ತಲೆಕೆಳಗಾಗಿ ನೇತಾಡತೊಡಗಿದವು. ಯುಗಾದಿ ಕಳೆಯುವ ಹೊತ್ತಿಗೆ ಮೊಲಗಳ ಮೈ ತುಂಬಿ, ಬೆನ್ನು ಮಿನುಗುತ್ತಿತ್ತು.

ಓದು ಬರಹ ಬಾರದ, ಊರಿನ ಭಾಷೆ ಬಾರದ ಒಬ್ಬ ಹೆಂಗಸು ಇಷ್ಟನ್ನು ಬರೀ ನೋಡಿ ನೋಡಿ ಕಟ್ಟಿದ್ದಳು. ನನಗೆ ಆಗ ಹೆಮ್ಮೆ ಅನಿಸಿತು, ಹೇಳಲಿಲ್ಲ. ಸೊಸೆಯಂದಿರು ಹಾಗೆಲ್ಲ ಹೇಳುವ ಕಾಲ ಅದಲ್ಲ.

ಬೇಸಿಗೆ ಬಂತು. ನಾಗಪುರದ ಬೇಸಿಗೆಯ ಬಗ್ಗೆ ಬರೆದರೆ ಅಲ್ಲಿರದವರು ನಂಬುವುದಿಲ್ಲ, ಇದ್ದವರಿಗೆ ಬರೆಯುವ ಅಗತ್ಯವಿಲ್ಲ. ಬಾರೀ ಗಿಡ ಬೋಳಾಯಿತು. ಅಂಗಳದ ಚೊಗಚಿಯನ್ನು ಕೊಯ್ದು ಕೊಯ್ದು ತುದಿಯಲ್ಲಿ ನಾಲ್ಕು ಎಲೆ ಉಳಿದವು. ತಂಪಿಗೆ ನೀರು ಚಿಮುಕಿಸಿ ಬಾಗಿಲಿಗೆ ಕಟ್ಟುವ ಲಾವಂಚದ ತಟ್ಟಿಯನ್ನು ಅತ್ತೆ ಗೂಡಿಗೆ ಕಟ್ಟಿಸಿದರು, ನಾವು ಮೂವರು ಒದ್ದೆ ಟವೆಲ್ಲು ಹೊದ್ದು ಮಲಗಿದೆವು. ಇದರ ನಡುವೆ ಒಂದು ಹೆಣ್ಣು ಮೊಲ ತನ್ನ ಹೊಟ್ಟೆಯ ಕೂದಲನ್ನೇ ಕಿತ್ತು ಗೂಡು ಮೆತ್ತಗೆ ಮಾಡಿ ಮರಿ ಹಾಕಿತು. ಅತ್ತೆ ಅದಕ್ಕೆ ಹೊಟ್ಟಿನ ಹಿಡಿ ಹೆಚ್ಚಿಸಿದರು, ಏಕಾದಶಿಗೂ ರಿಯಾಯಿತಿ ಕೊಟ್ಟರು. "ಬಾಣಂತಿ ಅದ," ಅಂದರು, ನಾನು ಕೇಳುವ ಮೊದಲೇ. ಬಾಣಂತಿಗೆ ಹಸಿರು ಎಲೆಯೂ ಬೇಕು. ಕಾಲನಿಯ ಕೊನೆಯಲ್ಲಿ, ಖಾಲಿ ಬಿದ್ದಿದ್ದ ಒಂದು ಬಂಗಲೆಯ ಸುತ್ತ ಬಿದಿರಿನ ಬೇಲಿಯಿತ್ತು. ಸುತ್ತ ಎಲ್ಲ ಸುಟ್ಟರೂ ಅದು ಹಸಿರಾಗಿತ್ತು. ಮೊಲಗಳು ಬಿದಿರೆಲೆ ತಿನ್ನುತ್ತವೆಂದು ಗೊತ್ತಾದ ಮೇಲೆ ಅತ್ತೆ ದಿನಾ ಕುಡಗೋಲು ಹಿಡಿದು ಹೊರಡುವರು. ನಾನು ಹೋಗುತ್ತೇನೆಂದರೆ, ನಿನಗೆ ಎಲೆ ಆರಿಸಲು ಬರುವುದಿಲ್ಲ ಎನ್ನುವರು.

ಜ್ಯೇಷ್ಠದ ಏಕಾದಶಿ ಬಂತು. ಮೃಗಶಿರಾ ಹೊಕ್ಕರೂ ಮಳೆಯ ಸುಳಿವಿಲ್ಲ. ಅವತ್ತು ರಜೆಯಾದ್ದರಿಂದ ಯಜಮಾನರು ಮನೆಯಲ್ಲಿದ್ದರು. ಅತ್ತೆ ಹಿಂದಿನ ಮಧ್ಯಾಹ್ನದಿಂದ ನೀರು ಮುಟ್ಟಿರಲಿಲ್ಲ. ಇವತ್ತೊಂದು ದಿನ ಬಿದಿರು ಬೇಡ ಎಂದು ನಾನು ಅಂದದ್ದು ಹಾಗೇ ಗಾಳಿಗೆ ಹೋಯಿತು. ಹೋದರು, ಬಿಸಿಲು ನೆತ್ತಿಗೇರುವ ಹೊತ್ತಿಗೆ ಒಂದು ಹೊರೆ ಎಲೆ ಹೊತ್ತು ಬಂದರು. ಗೂಡಿನ ಮುಂದೆ ಹೊರೆ ಇಳಿಸಲು ಬಾಗಿದವರು ಹಾಗೇ ಕುಸಿದು ಕೂತರು. ಕೆಂಪು ಸೆರಗು ಜಾರಿ ಬೋಳುತಲೆ ಕಾಣುತ್ತಿತ್ತು. ಅದನ್ನು ಮುಚ್ಚಿಕೊಳ್ಳಲು ಕೈ ಏಳಲಿಲ್ಲ.

ಯಜಮಾನರು ಓಡಿಬಂದು ಅವರನ್ನು ನೆರಳಿಗೆ ತಂದು ಗೋಡೆಗೆ ಒರಗಿಸಿದರು. ನಾನು ಒದ್ದೆ ಬಟ್ಟೆ ತಲೆಗೆ ಹಾಕಿದೆ. ತುಟಿ ಒಡೆದು ಹೋಗಿತ್ತು. ನೀರು ಕುಡಿ ಎಂದು ಏಕಾದಶಿಯ ದಿನ ಆಕೆಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಹಿಂದೊಮ್ಮೆ ಜ್ವರದಲ್ಲಿ ಡಾಕ್ಟರು ಹೇಳಿದಾಗಲೂ ಅವರು ಬಾಯಿ ತೆರೆದಿರಲಿಲ್ಲ. ಯಜಮಾನರು ತಾಯಿಯ ಅಂಗಾಲು ತಿಕ್ಕುತ್ತಿದ್ದವರು ಒಮ್ಮೆಲೇ ಎದ್ದು ನಿಂತರು. ಕಣ್ಣಲ್ಲಿ ನೀರಿತ್ತು.

"ಸಾಕವ್ವಾ. ಇನ್ನೊಂದು ಜೀವ ಅಂದಿದ್ದೆ. ಅದು ನಿಂದ ಆಗೋದು ಬ್ಯಾಡ. ಇವತ್ತ ಸಂಜೀಕೆ ಕೊಟ್ಟುಬಿಡ್ತೀನಿ."

ಅವರು ಚಪ್ಪಲಿ ಮೆಟ್ಟಿಕೊಂಡರು. ಹೇಳಿದ್ದನ್ನು ಮಾಡುವವರೇ. ಅತ್ತೆ ಗೂಡಿನ ಕಡೆ ನೋಡಿದರು. ಬಾಣಂತಿ ಮೊಲ ಜಾಲರಿಗೆ ಮೂಗು ಹಚ್ಚಿ ಹೊರೆಯ ವಾಸನೆ ಹಿಡಿಯುತ್ತಿತ್ತು. ಅತ್ತೆ ಅದನ್ನು ನೋಡಿದರು, ಮಗನನ್ನು ನೋಡಿದರು, ಆಮೇಲೆ ನನ್ನನ್ನು.

"ನೀರು ಕೊಡು," ಅಂದರು.

ಮೊಲಕ್ಕೆ ಎಂದುಕೊಂಡು ನಾನು ಗೂಡಿನ ಮಣ್ಣಿನ ಬಟ್ಟಲಿಗೆ ಕೈ ಹಾಕಿದೆ.

"ನನಗ ಕೊಡು. ನಾ ಬಿದ್ರ ಇವಕ್ಕ ಯಾರು ನೋಡ್ಯಾರು?"

ನಾನು ದೇವರ ಮನೆಯಿಂದ ಅವರ ತಂಬಿಗೆ ತುಂಬಿ ತಂದೆ. ಅವರು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತುಟಿಗೆ ತಾಗಿಸದೆ ಎತ್ತಿ, ಗಟಗಟ ಕುಡಿದರು. ಗಂಟಲು ಏಳುವುದು ಬೀಳುವುದು ಕಾಣುತ್ತಿತ್ತು. ಐವತ್ತು ದಾಟಿದ ಆ ಹೆಂಗಸು ಗಂಡ ಸತ್ತಂದಿನಿಂದ ಕಾಯ್ದುಕೊಂಡು ಬಂದದ್ದು ಆ ನೀರಿಲ್ಲದ ವ್ರತವೊಂದೇ, ಬೇರೇನನ್ನೂ ಲೋಕ ಆಕೆಗೆ ಬಿಟ್ಟಿರಲಿಲ್ಲ. ತಂಬಿಗೆ ಕೆಳಗಿಟ್ಟು, ಸೆರಗು ತಲೆಯ ಮೇಲೆಳೆದುಕೊಂಡು, ಗೋಡೆ ಹಿಡಿದು ತಾವೇ ಎದ್ದು ನಿಂತರು. ನಾನು ಅವರ ಕಾಲು ಮುಟ್ಟಿದೆ. ಮದುವೆಯಲ್ಲಿ ಮುಟ್ಟಿದ್ದು ಶಾಸ್ತ್ರಕ್ಕೆ, ಅವತ್ತು ಮುಟ್ಟಿದ್ದು ಹಾಗಲ್ಲ.

ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಚಪ್ಪಲಿ ಕಳಚಲಿಲ್ಲ. ಬಂದು, ನೆಲದ ಮೇಲೆ ಬಿದ್ದಿದ್ದ ಕುಡಗೋಲನ್ನು ಎತ್ತಿಕೊಂಡರು.

"ನಾಳೀಗೂ ಬೇಕಲ್ಲ," ಅಂದರು, ಎಲ್ಲೋ ನೋಡುತ್ತ. "ಎಂಥಾ ಎಲಿ ತರಲಿ, ಹೇಳು."

"ಎಳೇ ಮೊಳಕಿ ಮುಟ್ಟಬ್ಯಾಡ, ಅದು ಇವಕ್ಕ ಆಗಂಗಿಲ್ಲ," ಅಂದರು ಅತ್ತೆ. "ನಡುವಿನ ಎಲಿ ತಾ. ತಲಿಗೆ ಏನರೆ ಕಟ್ಟಿಕೊಂಡು ಹೋಗು, ಬಿಸಲದ."